ತಿರುಗಿ ಬಂದ ಸಕ್ಕರೆ

ಇವತ್ತು ಬೆಳಿಗ್ಗೆ ಉಪ್ಪಿನಕಾಯಿಯ ಬಾಟಲಿಯೊಂದು ತೀರಿತು. ತೀರಿದ ಬಾಟಲಿಯನ್ನು ತೊಳೆದು, ಒರೆಸಿ, ಕೆಳಗೆ ಪಾರ್ಕಿಂಗಿನ ಮೂಲೆಯ ಕೋಣೆಯಲ್ಲಿರುವ ಗಾಜಿನ ಕ್ರೇಟಿನಲ್ಲಿ ಇಟ್ಟು ಬರಬೇಕು, ಅಷ್ಟೇ ಕೆಲಸ. ನಿವೃತ್ತಿಯ ನಂತರ ಮನೆಯಲ್ಲಿ ನನಗೆ ಮೂರು ಖಾತೆಗಳು ಸಿಕ್ಕಿವೆ. ಹಾಲು ತರುವುದು, ಗ್ಯಾಸಿನವನಿಗೆ ಬಾಗಿಲು ತೆಗೆಯುವುದು, ಮತ್ತು ಕಸ. ಮೊದಲ ಎರಡರಲ್ಲಿ ನನ್ನ ಮೇಲೆ ದೂರುಗಳಿಲ್ಲ. ಮೂರನೆಯದರಲ್ಲಿ ಮಾತ್ರ ನನ್ನ ಹೆಂಡತಿ ನಳಿನಿ ಆಗಾಗ ಅಡುಗೆಮನೆಯ ಬಾಗಿಲಿಗೆ ಬಂದು, "ಇನ್ನೂ ಅದನ್ನ ಹಿಡ್ಕೊಂಡ ನಿಂತೀರೇನ್ರಿ?" ಅನ್ನುತ್ತಾಳೆ.

ನಿಂತಿರುತ್ತೇನೆ, ಸುಳ್ಳಲ್ಲ. ಆಫೀಸಿನಲ್ಲಿದ್ದಾಗ ದೊಡ್ಡ ದೊಡ್ಡ ಫೈಲುಗಳನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದಿನ ಟೇಬಲ್ಲಿಗೆ ದೂಡುತ್ತಿದ್ದ ಮನುಷ್ಯ ಈಗ ಒಂದು ಬಾಟಲಿಯನ್ನು ಮುಂದಕ್ಕೆ ಕಳಿಸಲಾರದೆ ಒದ್ದಾಡುತ್ತಾನೆ. ಬಾಟಲಿ ಒಣಗಿರುತ್ತದೆ, ಮುಚ್ಚಳ ಒಣಗಿರುತ್ತದೆ, ಚಪ್ಪಲಿ ಮೆಟ್ಟಿಕೊಂಡು ಹೊರಟರಾಯಿತು. ಆದರೆ ನನ್ನ ಕೈ ತಾನಾಗಿ ಸಕ್ಕರೆ ಡಬ್ಬಿಯ ಕಡೆ ಹೋಗುತ್ತದೆ.

ಕೆಳಗಿನ ಕೋಣೆಯ ಬಾಗಿಲ ಮೇಲೆ ಒಂದು ಬೋರ್ಡಿದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದೇ ಮಾತು: ಖಾಲಿ ಮಾಡಿ, ತೊಳೆದು, ಒಣಗಿಸಿ ಹಾಕಿರಿ. ಖಾಲಿ ಅನ್ನುವುದರ ಕೆಳಗೆ ಕೆಂಪು ಗೆರೆ ಬೇರೆ ಎಳೆದಿದ್ದಾರೆ. ಆ ಕೆಂಪು ಗೆರೆ ಯಾಕೆ ಬಂತು ಅನ್ನುವುದು ಈ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಅದು ನಮ್ಮ ವೈನಿಯ ಸಲುವಾಗಿ ಬಂದದ್ದು. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಅನ್ನುತ್ತೇವೆ. ಇಲ್ಲಿನ ಮರಾಠಿ ಜನವೂ ಅದೇ ಮಾತು ಆಡುವುದರಿಂದ ಅವರು ನಮ್ಮ ಮನೆಗಷ್ಟೇ ಅಲ್ಲ, ಇಡೀ ಓಣಿಗೇ ವೈನಿಯಾಗಿದ್ದರು.

ನಾನು ಕಾಲೇಜು ಕಲಿಯಲು ವಿಜಯಪುರದ ಕಡೆಯಿಂದ ಪುಣೆಗೆ ಬಂದಾಗ ಅಣ್ಣ ಸದಾಶಿವ ಪೇಠದ ಒಂದು ವಾಡಾದಲ್ಲಿ ಎರಡು ಕೋಣೆ ಹಿಡಿದಿದ್ದ. ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಅವನು ಗುಮಾಸ್ತ. ವಾಡಾ ಅಂದರೆ ನಡುವೆ ಅಂಗಳ, ಸುತ್ತಲೂ ಕಟ್ಟಿಗೆ ಕಂಬಗಳ ಮಾಳಿಗೆ, ಮಾಳಿಗೆಯುದ್ದಕ್ಕೂ ಬಾಡಿಗೆದಾರರ ಬಾಗಿಲುಗಳು. ಯಾರ ಮನೆಯಲ್ಲಿ ಯಾವ ಒಗ್ಗರಣೆ ಬಿತ್ತು ಅನ್ನುವುದು ಸೀನುವವರ ಸದ್ದಿನಿಂದಲೇ ತಿಳಿಯುತ್ತಿತ್ತು. ನಮ್ಮ ಗೋಡೆಗೆ ಹತ್ತಿದ ಮನೆ ಲೀಲಾಕಾಕುನದು. ಕಾಕು ಅಂದರೆ ಕಾಕಿ, ಆದರೆ ಆಕೆ ವೈನಿಗೆ ಗೆಳತಿ. ಒಬ್ಬರಿಗೆ ಸರಿಯಾಗಿ ಮರಾಠಿ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಕನ್ನಡದ ಗಂಧವೂ ಇರಲಿಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಹೊಸ್ತಿಲ ಮೇಲೆ ಕೂತರೆ ನಳಕ್ಕೆ ನೀರು ಬರುವವರೆಗೆ ಏಳುತ್ತಿರಲಿಲ್ಲ.

ಆ ವಾಡಾದಲ್ಲಿ ಕಸ ಅನ್ನುವುದು ಬಹಳ ಕಷ್ಟಪಟ್ಟು ತಯಾರಾಗುತ್ತಿದ್ದ ಪದಾರ್ಥ. ಎಣ್ಣೆಯ ಡಬ್ಬ ತೀರಿದರೆ ಅದರಲ್ಲಿ ತುಳಸಿ ಬರುತ್ತಿತ್ತು. ಹಳೆಯ ಪೇಪರು ಗೂಡಿನ ಹಾಸಾಗಿ, ಹಾಸು ಮಾಸಿದ ಮೇಲೆ ಒಲೆ ಹೊತ್ತಿಸಲು ಹೋಗುತ್ತಿತ್ತು. ಅಣ್ಣನ ಧೋತರ ಹರಿದ ಮೇಲೆ ಹಪ್ಪಳ ಒಣಗಿಸುವ ಅರಿವೆ, ಆಮೇಲೆ ಕೈ ಒರೆಸುವ ಅರಿವೆ, ಆಮೇಲೆ ನೆಲ ಒರೆಸುವ ಅರಿವೆ, ಕೊನೆಗೆ ಸೋರುವ ನಳಕ್ಕೆ ಸುತ್ತುವ ಚಿಂದಿ. ಅಣ್ಣ ಮುಖ ತೊಳೆಯುವಾಗ ನಳದ ಕಡೆ ನೋಡಿ, "ನನ್ನ ಮದುವಿ ಧೋತರ ಇದು" ಅಂತ ನಿಟ್ಟುಸಿರು ಬಿಡುತ್ತಿದ್ದ. ವೈನಿ ಒಳಗಿನಿಂದ, "ಮದುವಿ ಇನ್ನೂ ಗಟ್ಟಿ ಅದ, ಅಷ್ಟ ಸಾಕಲ್ಲ" ಅನ್ನುತ್ತಿದ್ದರು.

ಮನೆಯಿಂದ ಮನೆಗೆ ಪಾತ್ರೆಗಳು ತಿರುಗುತ್ತಲೇ ಇರುತ್ತಿದ್ದವು. ನಮ್ಮಿಂದ ಶೇಂಗಾ ಹೋಳಿಗೆ ಹೋದರೆ ಅಲ್ಲಿಂದ ಕರಂಜಿ ಬರುತ್ತಿತ್ತು. ತಿನಿಸಿಗೆ ತಿನಿಸು ಕೊಡಲಾಗದ ದಿನ ತೊಳೆದ ಪಾತ್ರೆಯ ತಳದಲ್ಲಿ ಒಂದು ಚಿಟಿಕೆ ಸಕ್ಕರೆ. ಖಾಲಿ ಪಾತ್ರೆ ತಿರುಗಿ ಕೊಡಬಾರದು. ಇದನ್ನು ವೈನಿ ನನಗೆ ಕಲಿಸಲಿಲ್ಲ, ಗದರಲೂ ಇಲ್ಲ. ಒಮ್ಮೆ ನಾನು ಕಾಲೇಜಿಗೆ ಹೊರಟವನು ದಾರಿಯಲ್ಲೇ ಕೊಟ್ಟುಬಿಡೋಣ ಅಂತ ಕಾಕುನ ಬಟ್ಟಲನ್ನು ಹಾಗೇ ತೆಗೆದುಕೊಂಡಾಗ ಓಡಿಬಂದು ಕೈಯಿಂದ ಇಸಿದುಕೊಂಡರು. "ಖಾಲಿ ಕೊಟ್ರ ಏನ ಅರ್ಥ ಆಗ್ತದ ಗೊತ್ತದೇನು ರಾಘು? ಸಾಕು, ಇನ್ನ ಕೊಡಬ್ಯಾಡ್ರಿ ಅಂದ್ಹಂಗ."

ಹಾಗೆ ಬೇರೆ ಮನೆಗಳಿಂದ ಬಂದ ಸಕ್ಕರೆಯನ್ನು ವೈನಿ ನಮ್ಮ ಸಕ್ಕರೆಯಲ್ಲಿ ಬೆರೆಸುತ್ತಿರಲಿಲ್ಲ. ಗೂಡಿನ ಮೂಲೆಯಲ್ಲಿ ಅದಕ್ಕೊಂದು ಬೇರೆ ಭರಣಿ ಇತ್ತು. ಮಾಳಿಗೆಯ ಮೇಲಿನವರು ಯಾರಾದರೂ ಚಹಾಕ್ಕೆ ಬಂದರೆ ಆ ಭರಣಿಯ ಸಕ್ಕರೆ. ನನಗೆ ಇದು ಭಾರೀ ತಮಾಷೆಯ ವಿಷಯ.

"ಎರಡೂ ಒಂದ ಫ್ಯಾಕ್ಟರಿ ಸಕ್ಕರಿ ಅಲ್ರಿ ವೈನಿ" ಅಂದೆ.

"ಬಂದ ದಾರಿ ಬ್ಯಾರೆ ಅಲಾ?" ಅಂದರು.

ಅರ್ಥಶಾಸ್ತ್ರ ಓದುತ್ತಿದ್ದ ನಾನು ನಗುತ್ತ ಪುಸ್ತಕ ತೆರೆದೆ.

ವೈನಿಯ ಪಾತ್ರೆಗಳಲ್ಲಿ ಹೆಚ್ಚು ತಿರುಗಿದ್ದು ಒಂದು ಸ್ಟೀಲಿನ ಡಬ್ಬಿ. ಮದುವೆಯಲ್ಲಿ ಅವರ ತವರಿನವರು ಕೊಟ್ಟದ್ದು. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ 'ಸೌ. ಸುಶೀಲಾ' ಅಂತ ಕೊರೆಸಿದ ಕನ್ನಡ ಅಕ್ಷರಗಳು. ಲೀಲಾಕಾಕುಗೆ ಓದಲು ಬರದಿದ್ದರೂ ಬೆರಳಿನಿಂದ ಸವರಿ, ಇದು ಸುಶೀಲೆಯದು ಅನ್ನುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೂ ಡಬ್ಬಿಯ ಮೇಲೆ 'ಸೌ.' ಹಾಗೇ ಉಳಿಯಿತು. ಆ ಒಂದು ಅಕ್ಷರದ ಚುಕ್ಕಿಗಳ ಮೇಲೆ ವೈನಿಯ ಹೆಬ್ಬೆರಳು ಆಡುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ಮಾತಾಡಿಸಲು ಹೋಗುತ್ತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಅಣ್ಣನ ನಂತರ ಅವರು ನಮ್ಮೊಡನೆಯೇ ಇದ್ದರು, ಅಥವಾ ಸರಿಯಾಗಿ ಹೇಳಬೇಕೆಂದರೆ ನಾವು ಅವರೊಡನೆ ಇದ್ದೆವು.

ವಾಡಾ ಕೆಡವುವ ಕಾಲ ಬಂತು. ಹಳೆಯ ಬಾಡಿಗೆದಾರರಿಗೆ ಅದೇ ಜಾಗದಲ್ಲಿ ಏಳುವ ಕಟ್ಟಡದಲ್ಲಿ ಫ್ಲ್ಯಾಟು ಅಂತ ಮಾತಾಯಿತು. ನಾವು ಒಪ್ಪಿದೆವು. ಲೀಲಾಕಾಕು ಮಾತ್ರ ಪುಣೆ ಜಿಲ್ಲೆಯ ಶಿರೂರಿನಲ್ಲಿದ್ದ ಮಗನ ಮನೆಗೆ ಹೊರಟಳು. ಕೊನೆಯ ದಿನ ವಾಡಾದಲ್ಲಿ ವಿಚಿತ್ರವಾದ ಓಡಾಟ. ವರ್ಷಗಟ್ಟಲೆ ಯಾರ್ಯಾರದೋ ಗೂಡಿನಲ್ಲಿ ಕೂತುಬಿಟ್ಟಿದ್ದ ಬಟ್ಟಲು, ತಾಟು, ಸೌಟುಗಳೆಲ್ಲ ಹೊರಬಿದ್ದವು. ಎಲ್ಲರೂ ಎಲ್ಲರಿಗೂ ಪಾತ್ರೆ ತಿರುಗಿ ಕೊಟ್ಟರು. ಎಲ್ಲದರಲ್ಲೂ ಸಕ್ಕರೆ. ಮಾಳಿಗೆಯುದ್ದಕ್ಕೂ ಕಾಲಿಗೆ ಸಕ್ಕರೆಯ ಹರಳು ಹತ್ತುತ್ತಿತ್ತು.

ಕಾಕು ಎಲ್ಲಕ್ಕಿಂತ ಕೊನೆಗೆ ಸ್ಟೀಲಿನ ಡಬ್ಬಿ ತಂದಳು. ಅಂಚಿನವರೆಗೆ ತುಂಬಿದ್ದಳು. ವೈನಿ ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಮಾಡಲಿಲ್ಲ. ಕಾಕು ಅದನ್ನು ಹೊಸ್ತಿಲ ಮೇಲಿಟ್ಟು, ವೈನಿಯ ಗಲ್ಲ ಮುಟ್ಟಿ, ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ರಾತ್ರಿ ಊಟಕ್ಕೆ ಕರೆದಾಗ ವೈನಿ ಏಳಲಿಲ್ಲ. "ಇನ್ನ ಯಾರದೂ ನಮ್ಮ ಕಡೆ ಇಲ್ಲ, ನಮ್ಮದೂ ಯಾರ ಕಡೆ ಇಲ್ಲ" ಅಂದರು. ಮೂರನೆಯ ಮನುಷ್ಯನ ವಿಷಯ ಹೇಳುವ ಹಾಗೆ, ತಣ್ಣಗೆ. ಎರಡು ವರ್ಷದೊಳಗೆ ಶಿರೂರಿನಿಂದ ಕಾಕು ಹೋದ ಸುದ್ದಿ ಬಂತು. ಆಗಲೂ ವೈನಿ ಅಳಲಿಲ್ಲ. ಅಳುವ ಕೆಲಸವನ್ನು ಆ ಹೊಸ್ತಿಲ ಮೇಲೆಯೇ ಮುಗಿಸಿ ಬಂದಿದ್ದರು ಅಂತ ನನಗೆ ಅನಿಸುತ್ತದೆ.

ಹೊಸ ಕಟ್ಟಡಕ್ಕೆ ಲಿಫ್ಟು ಬಂತು, ಬಾಗಿಲಿಗೆ ಕಣ್ಣು ಬಂತು, ಒಗ್ಗರಣೆಯ ವಾಸನೆ ಚಿಮಣಿಯೊಳಗೆ ಹೋಗಿ ಆಕಾಶ ಸೇರತೊಡಗಿತು. ಕಸಕ್ಕೂ ಒಳ್ಳೆಯ ದಿನಗಳು ಬಂದವು. ಮೂರನೆಯ ಮಹಡಿಗೆ ಪ್ರಾಜಕ್ತಾ ಅನ್ನುವ ಹುಡುಗಿ ಬಾಡಿಗೆಗೆ ಬಂದದ್ದೇ ಅದಕ್ಕೆ ಕಾರಣ. ಚಾಕಣದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಒಬ್ಬಳೇ ಇರುವವಳು, ನಸುಕಿನಲ್ಲೇ ಕಂಪನಿ ಬಸ್ಸಿಗೆ ಓಡುವವಳು. ಊರು ಶಿರೂರು. ಅವಳು ಮಾತಾಡುವುದು ಮರಾಠಿ. ಇಲ್ಲಿ ಅವಳ ಮಾತನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ಬಂದ ವರ್ಷವೇ ಸೊಸೈಟಿಯ ಕಮಿಟಿಯವರನ್ನು ಕಾಡಿ ಬೇಡಿ ಪಾರ್ಕಿಂಗಿನ ಮೂಲೆಯ ಕೋಣೆ ಖಾಲಿ ಮಾಡಿಸಿದಳು. ಮೊದಲು ಪೇಪರಿಗೆ ಒಂದು ಕ್ರೇಟು, ಆಮೇಲೆ ಗಾಜಿಗೆ, ಪ್ಲಾಸ್ಟಿಕ್ಕಿಗೆ, ತಗಡಿಗೆ, ಹಳೆಯ ಬಟ್ಟೆಗೆ. ಪಕ್ಕದ ಸೊಸೈಟಿಗಳೂ ಸೇರಿದವು. ಓಣಿಯ ತುದಿಯ ಉದ್ಯಾನದಲ್ಲಿ, ಬಸ್ ಸ್ಟಾಪಿನ ಹತ್ತಿರ, ಕೋಚಿಂಗ್ ಕ್ಲಾಸಿನ ಹುಡುಗರು ಚಹಾ ಕುಡಿಯುವ ಕಟ್ಟೆಯ ಬಳಿಯೂ ಬಣ್ಣದ ಡಬ್ಬಗಳು ನಿಂತವು.

ನಮಗೆಲ್ಲ ಇದನ್ನು ಕಲಿಯಲು ತಿಂಗಳುಗಳು ಬೇಕಾದವು. ನಾನಂತೂ ಹಾಲಿನ ಚೀಲ ಒಣ ಕಸವೋ ಹಸಿ ಕಸವೋ ಎಂದು ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳಿ ನಗೆಪಾಟಲಾದೆ. ವೈನಿಗೆ ಮಾತ್ರ ಹೊಸದೇನೂ ಇರಲಿಲ್ಲ. ಅವರು ಹಾಲಿನ ಚೀಲ ತೊಳೆದು ಅಡುಗೆಮನೆಯ ಟೈಲ್ಸಿಗೆ ಅಂಟಿಸುತ್ತಿದ್ದರು. ಒಣಗಿದ ಮೇಲೆ ಅವು ತಾವಾಗಿ ಕಳಚಿ ಬೀಳುತ್ತಿದ್ದವು. ಪ್ರಾಜಕ್ತಾ ನಮ್ಮ ಮನೆಗೆ ಬಂದು ಆ ಗೋಡೆ ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಹುಡುಗಿಯ ಊರು ಶಿರೂರು ಅಂತ ತಿಳಿದ ದಿನ ವೈನಿ ಅವಳ ಕೈ ಹಿಡಿದು, "ನಮ್ಮ ಲೀಲಾನ ಊರಾಕಿ" ಅಂದರು.

ಮರೆವು ಯಾವಾಗ ಶುರುವಾಯಿತೋ ಹೇಳಲಾರೆ. ಅದು ಹೇಳಿ ಕೇಳಿ ಬರುವಂಥದ್ದಲ್ಲ. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು. ಡಾಕ್ಟರು ವಯಸ್ಸಿನದು ಅಂತ ಗುಳಿಗೆ ಬರೆದುಕೊಟ್ಟರು. ಆಶ್ಚರ್ಯವೆಂದರೆ ಅವರ ಕೈಗಳು ಏನನ್ನೂ ಮರೆಯಲಿಲ್ಲ. ಪಾತ್ರೆ ತೊಳೆಯುವುದು, ಒರೆಸುವುದು, ಅರಿವೆ ಮಡಚುವುದು ಎಲ್ಲ ಹಾಗೇ ಇತ್ತು.

ಒಂದು ದಿನ ಎರಡನೆಯ ಮಹಡಿಯವರ ಬಾಗಿಲ ಮುಂದೆ ಒಂದು ಜಾಮಿನ ಬಾಟಲಿ ಸಿಕ್ಕಿತು. ಫಳಫಳ ತೊಳೆದದ್ದು, ಒಳಗೆ ಒಂದು ಚಿಟಿಕೆ ಸಕ್ಕರೆ. ಮರುದಿನ ಐದನೆಯ ಮಹಡಿಯಲ್ಲಿ ಒಂದು ಕಾಫಿಪುಡಿಯ ಬಾಟಲಿ. ಅದರ ಮರುದಿನ ನಾಲ್ಕು ಬಾಗಿಲುಗಳ ಮುಂದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಗದ್ದಲವೋ ಗದ್ದಲ. ಒಬ್ಬರು ಇದು ಹೊಸ ಸಕ್ಕರೆ ಕಂಪನಿಯ ಜಾಹೀರಾತು ಅಂದರು. ಇನ್ನೊಬ್ಬರು ಅಮಾವಾಸ್ಯೆ ಹತ್ತಿರ ಬಂತು, ಮುಟ್ಟಬೇಡಿ, ಯಾರೋ ಮಾಟ ಮಾಡಿಸಿದ್ದಾರೆ ಅಂದರು. ಒಂದನೆಯ ಮಹಡಿಯ ನಿವೃತ್ತ ಮೇಷ್ಟರು ನಿಂಬೆಹಣ್ಣು ಕೂಡ ತಂದಿಟ್ಟರು. ನಾನೂ ಎಲ್ಲ ಓದಿ ನಗುತ್ತ ಕೂತಿದ್ದೆ. ಆಗ ಒಳಗಿನಿಂದ ನಳಿನಿ, "ಏನ್ರಿ, ನಿನ್ನೆ ತಂದ ಸಕ್ಕರಿ ಎಲ್ಲಿ ಹೋತು?" ಅಂದಳು. ನನ್ನ ನಗೆ ಅಲ್ಲಿಗೇ ನಿಂತಿತು.

ಮಧ್ಯಾಹ್ನ ನಾವು ಒರಗಿದ ಹೊತ್ತಿನಲ್ಲಿ ವೈನಿ ಲಿಫ್ಟಿನಲ್ಲಿ ಇಳಿದು ಆ ಕೋಣೆಗೆ ಹೋಗುತ್ತಿದ್ದರು. ಕ್ರೇಟಿನಿಂದ ಬಾಟಲಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಮೇಲೆ ತರುತ್ತಿದ್ದರು. ಮತ್ತೊಮ್ಮೆ ತೊಳೆದು, ಸಕ್ಕರೆ ಹಾಕಿ, ಕೈಗೆ ಬಂದ ಬಾಗಿಲ ಮುಂದೆ ಇಡುತ್ತಿದ್ದರು.

"ಯಾಕ್ರಿ ವೈನಿ ಇದೆಲ್ಲಾ?" ಅಂತ ಕೇಳಿದೆ.

"ಎಲ್ಲಾರ ಬಾಟ್ಲಿ ನಮ್ಮ ಮಾಳಗಿ ಕೆಳಗ ಬಂದ ಕೂತಾವಲ್ಲೋ. ಎಷ್ಟ ದಿನಾ ಇಟ್ಕೋತಿ? ಮಂದಿ ಏನ ಅಂದಾರು?"

ಇದು ಕಸಕ್ಕೆ ಕೊಟ್ಟದ್ದು, ಯಾರಿಗೂ ಬೇಡ ಅಂತ ಹೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಹುಡುಗ ಓದಿ ಓದಿ ಹೀಗಾದ ಅನ್ನುವ ನೋಟ ಅದು. "ಬಾಯಿ ಒಡದ ಬಾಟ್ಲಿ ಅಲ್ಲ, ಸೀಳಿದ್ದಲ್ಲ. ಯಾರರೆ ಇಂಥಾವ ಕಸಕ್ಕ ಹಾಕ್ತಾರೇನು? ಮರತ ಹೋಗ್ಯಾರ, ಅಷ್ಟ."

ಕಟ್ಟಡದವರು ಕೆಟ್ಟವರಲ್ಲ. ವೈನಿಯ ಕೆಲಸ ಎಂದು ತಿಳಿದ ಮೇಲೆ ಎಲ್ಲರೂ ಸುಮ್ಮನಾದರು. ಮೇಷ್ಟರು ನಿಂಬೆಹಣ್ಣು ತೆಗೆದು ಪಾನಕ ಮಾಡಿಕೊಂಡರು. ಇರುವೆಗಳು ಬಂದವು, ಇರುವೆಗೆ ಔಷಧ ಬಂತು, ಯಾರೂ ಗೊಣಗಲಿಲ್ಲ. ಆದರೆ ಒಂದು ದಿನ ಎರಡನೆಯ ಮಹಡಿಯ ಪುಟ್ಟ ಹುಡುಗಿ ಬಾಗಿಲ ಮುಂದಿನ ಬಾಟಲಿಯಲ್ಲಿ ಬೆರಳಾಡಿಸಿ ಸಕ್ಕರೆ ನೆಕ್ಕಿತು. ಅದು ನೆಲ ಒರೆಸುವ ಔಷಧದ ಬಾಟಲಿ. ತೊಳೆದದ್ದೇ ಆದರೂ ವಾಸನೆ ಹೋಗಿರಲಿಲ್ಲ. ಮಗುವಿಗೆ ಏನೂ ಆಗಲಿಲ್ಲ. ತಾಯಿ ಮಾತ್ರ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ, ಸಂಜೆಯವರೆಗೆ ಅದನ್ನು ಮಡಿಲಿಂದ ಇಳಿಸಲಿಲ್ಲ. ಆ ತಾಯಿಯ ಮುಖ ನೋಡಿದ ಮೇಲೆ ನನಗೆ ವಾದ ಮಾಡಲು ಏನೂ ಉಳಿಯಲಿಲ್ಲ.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗು ಮಾಡಿದರು. ಕಸದ ಕೋಣೆಯ ಬಾಗಿಲಿಗೆ ಬೀಗ ಹಾಕುವುದು, ಬೆಳಿಗ್ಗೆ ಮಾತ್ರ ತೆಗೆಯುವುದು ಅಂತ ಪ್ರಾಜಕ್ತಾಳೇ ಹೇಳಬೇಕಾಯಿತು. ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನಾನು ತಲೆಯಾಡಿಸಿದೆ. ಆವತ್ತೇ ಕೆಂಪು ಗೆರೆಯ ಬೋರ್ಡೂ ಬಂತು.

ಮರುದಿನ ಮಧ್ಯಾಹ್ನ ವೈನಿಯನ್ನು ಹುಡುಕುತ್ತ ಕೆಳಗಿಳಿದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ಕೈಯಲ್ಲೊಂದು ಒದ್ದೆ ಬಾಟಲಿ. ಬಾಗಿಲಿಗೆ ಕಿವಿ ಹಚ್ಚಿ ಕೇಳುತ್ತಿದ್ದರು.

"ಲೀಲಾ ಬಾಗಲಾ ಹಾಕ್ಕೊಂಡಾಳಲ್ಲೋ" ಅಂದರು. "ಈ ಹೊತ್ತಿನ್ಯಾಗ ಆಕಿ ಎಂದೂ ಬಾಗಲಾ ಹಾಕ್ಕೋತಿದ್ದಿಲ್ಲ. ನನ್ನ ಮ್ಯಾಲೆ ಸಿಟ್ಟ ಬಂದದೇನು?"

ಅವರ ಕೈ ಹಿಡಿದು ಲಿಫ್ಟಿನ ಕಡೆ ಕರೆದುಕೊಂಡು ಬಂದೆ. ಸಿಟ್ಟಿಲ್ಲ ವೈನಿ, ಮಲಗಿರಬೇಕು ಅಂದೆ. ಆ ದಿನದಿಂದ ಅವರ ಊಟ ಕಡಿಮೆಯಾಯಿತು. ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಲಿಫ್ಟು ಏರಿ ಇಳಿಯುವ ಸದ್ದನ್ನು ಕೇಳುತ್ತಿದ್ದರು. ಬೀಗ ಹಾಕಿದ್ದು ಸರಿ ಅಂತ ನನಗೆ ಗೊತ್ತಿತ್ತು, ಅದರಿಂದ ಅವರು ಕರಗುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು. ಎರಡೂ ಗೊತ್ತಿರುವ ಮನುಷ್ಯನ ಪಾಡು ಯಾರಿಗೂ ಬೇಡ.

ಭಾನುವಾರ ಪ್ರಾಜಕ್ತಾ ಒಂದು ಚಿಕ್ಕ ಕ್ರೇಟು ಹೊತ್ತು ಮೇಲೆ ಬಂದಳು. ಜಾಮು, ಜೇನುತುಪ್ಪ, ಉಪ್ಪಿನಕಾಯಿಯ ಬಾಟಲಿಗಳು. ಔಷಧದ್ದು ಒಂದೂ ಇಲ್ಲದ ಹಾಗೆ ಆರಿಸಿದ್ದಳು. "ಕಾಕಾ, ಇದು ಇಲ್ಲೇ ಇರಲಿ. ವೈನಿ ತೊಳೆದು ಕೊಡಲಿ. ಕೆಳಗೆ ತರುವುದು ನಿಮ್ಮ ಕೆಲಸ" ಅಂದಳು.

ಹೀಗೆ ನನಗೆ ಕಸದ ಖಾತೆ ಬಂತು. ವೈನಿ ಬಾಟಲಿ ತೊಳೆದು, ಸಕ್ಕರೆ ಹಾಕಿ, "ಇದು ಲೀಲಾಂದು, ಇದು ಮೂಲಿ ಮನಿದು" ಅಂತ ನನ್ನ ಕೈಗೆ ಕೊಡುತ್ತಿದ್ದರು. ನಾನು ಕೆಳಗಿಳಿದು, ಗೇಟಿನ ಪಕ್ಕದ ಬಕುಳದ ಬುಡಕ್ಕೆ ಸಕ್ಕರೆ ಸುರಿದು, ಸ್ವಲ್ಪ ಹೊತ್ತು ಅಲ್ಲೇ ಕಳೆದು, ಅವೇ ಬಾಟಲಿಗಳನ್ನು ಚೀಲದಲ್ಲಿ ಮುಚ್ಚಿಕೊಂಡು ಮೇಲೆ ತರುತ್ತಿದ್ದೆ. ಮರುದಿನ ಅವೇ ಮತ್ತೆ ವೈನಿಯ ಕ್ರೇಟಿಗೆ. ಆ ಬಕುಳದ ಇರುವೆಗಳಷ್ಟು ಸುಖವಾಗಿದ್ದ ಇರುವೆಗಳು ಪುಣೆಯಲ್ಲಿ ಇರಲಿಕ್ಕಿಲ್ಲ. ವಾಚ್‌ಮನ್ ನನ್ನನ್ನು ಏನು ತಿಳಿದುಕೊಂಡಿದ್ದನೋ. ವೈನಿಯ ಊಟ ಸುಧಾರಿಸಿತು.

ಆದರೆ ಒಂದು ಮಧ್ಯಾಹ್ನ ಕ್ರೇಟಿನ ಮುಂದೆ ಕೂತವರು ಕೈ ನಿಲ್ಲಿಸಿ ಕೇಳಿದರು: "ರಾಘು, ಎಲ್ಲಾರದೂ ತಿರುಗಿ ಕೊಟ್ಟಿವಿ. ನಮ್ಮದ ಯಾರೂ ಕೊಡ್ಲಿಲ್ಲಲ್ಲ?"

ನಾನು ಒರೆಸಿದ ಬಾಟಲಿಯನ್ನೇ ಮತ್ತೆ ಒರೆಸತೊಡಗಿದೆ.

"ಒಬ್ಬರೂ ಬಂದ ಬಾಗಲಾ ಬಡೀಲಿಲ್ಲ" ಅಂದರು. "ಅಂದ್ರ ನಮ್ಮದ ಯಾರ ಕಡೆನೂ ಇಲ್ಲೇನು?"

ಇದನ್ನು ನಾನು ಬಕುಳದ ಕೆಳಗೆ ನಿಂತು ಪ್ರಾಜಕ್ತಾಳಿಗೆ ಹೇಳಿದೆ. ಚಾಕಣದಿಂದ ಆಗತಾನೇ ಬಂದಿದ್ದಳು, ಕೊರಳಲ್ಲಿ ಇನ್ನೂ ಕಂಪನಿಯ ಗುರುತಿನ ಪಟ್ಟಿ. ಮುಖ ತೊಳೆದುಕೊಂಡು ಮೇಲೆ ಬಂದು ನಮ್ಮ ಬಾಗಿಲು ಬಡಿದಳು. ಕರೆಗಂಟೆ ಒತ್ತದೆ ಬಡಿದದ್ದು ನನ್ನ ಗಮನಕ್ಕೆ ಬಂತು. ಕೈಯಲ್ಲಿ ಜೇನಿನ ಬಾಟಲಿ, ಅದರಲ್ಲಿ ಸಕ್ಕರೆ.

ವೈನಿ ಎದ್ದು ಹೋಗಿ ತೆಗೆದುಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಸಕ್ಕರೆಯನ್ನು ಗೂಡಿನ ಮೂಲೆಯ ಹಳೆಯ ಭರಣಿಗೆ ಸುರಿದರು. ಎಷ್ಟೋ ವರ್ಷಗಳಿಂದ ಖಾಲಿಯಿದ್ದ ಭರಣಿ ಅದು. ಆಮೇಲೆ ಬಾಟಲಿಯನ್ನು ತಿರುಗಿ ಹುಡುಗಿಯ ಕೈಗೇ ಇಟ್ಟು, "ಇದು ನಮ್ಮದಲ್ಲವ್ವಾ. ನಮ್ಮದು ಸ್ಟೀಲಿಂದು, ಹೆಸರ ಅದ ಅದರ ಮ್ಯಾಲೆ" ಅಂದರು.

ಪ್ರಾಜಕ್ತಾ ನನ್ನ ಮುಖ ನೋಡಿದಳು. ನಳಿನಿ ಅಷ್ಟರಲ್ಲಿ ಒಳಗೆ ಹೋಗಿ ಸ್ಟೀಲಿನ ಡಬ್ಬಿ ತೆಗೆದು, ಹಚ್ಚಿದ ಅವಲಕ್ಕಿ ತುಂಬಿ, ವೈನಿಯ ಕೈಗೆ ಕೊಟ್ಟಳು. "ನೀವ ಕೊಡ್ರಿ ವೈನಿ. ಕೊಟ್ರಲ್ಲಾ ತಿರುಗಿ ಬರೂದು?"

ವೈನಿ ಕೊಟ್ಟರು. ಎರಡು ದಿನಕ್ಕೆ ಡಬ್ಬಿ ಸಕ್ಕರೆಯೊಡನೆ ತಿರುಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಒಮ್ಮೊಮ್ಮೆ ಅವಳು ಶಿರೂರಿನಿಂದ ತಾಯಿ ಕಳಿಸಿದ ಶೇಂಗಾ ಚಟ್ನಿಯನ್ನು ತುಂಬಿ ತರುತ್ತಿದ್ದಳು. ಬಂದಾಗಲೆಲ್ಲ ವೈನಿ ಅವಳನ್ನು ಕೂಡಿಸಿ, ಆ ಭರಣಿಯ ಸಕ್ಕರೆ ಹಾಕಿಸಿ ಚಹಾ ಕೊಡಿಸುತ್ತಿದ್ದರು. ಕೆಲವೊಮ್ಮೆ ಪ್ರಾಜಕ್ತಾ ಅನ್ನುತ್ತಿದ್ದರು, ಹೆಚ್ಚಾಗಿ ಲೀಲಾ ಅನ್ನುತ್ತಿದ್ದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು. ಕೊನೆಗೆ ನನ್ನ ಹೆಸರು ಹೋಯಿತು. ನಾನು ಯಾರು ಅನ್ನುವುದೇ ಅವರಿಗೆ ತಿಳಿಯದಾಯಿತು. ಡಬ್ಬಿ ಎಲ್ಲಿದೆ ಅನ್ನುವುದು ಮಾತ್ರ ತಿಳಿಯುತ್ತಿತ್ತು. "ನಮ್ಮ ಡಬ್ಬಿ ಆಕಿ ಕಡೆ ಅದ" ಅನ್ನುತ್ತಿದ್ದರು, ಗುರುತಿಲ್ಲದ ನನಗೆ, ಬಹಳ ಸಮಾಧಾನದಿಂದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಸಮಾಧಾನ ಕಂಡು ಸಂತೋಷವೂ ಆಗುತ್ತಿತ್ತು.

ಸಂಕ್ರಾಂತಿಗೆ ಡಬ್ಬಿಯಲ್ಲಿ ಎಳ್ಳುಂಡೆ ಹೋಯಿತು. ಪ್ರಾಜಕ್ತಾಳಿಗೆ ಆ ವಾರ ಕಾರ್ಖಾನೆಯಲ್ಲಿ ಬಿಡುವಿಲ್ಲದ ಕೆಲಸ, ಡಬ್ಬಿ ತಿರುಗಿ ಬರುವುದು ತಡವಾಯಿತು. ಒಂದು ಮಧ್ಯಾಹ್ನ ವೈನಿ ಹೊಸ್ತಿಲಿಗೆ ಒರಗಿ ಕೂತವರು ಹಾಗೇ ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡು ನಳಿನಿ ಹೊದಿಕೆ ಹೊದಿಸಿದಳು. ನಿದ್ದೆಯಾಗಿರಲಿಲ್ಲ.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಪ್ರಾಜಕ್ತಾ ಬಂದಳು. ಬಾಗಿಲು ಬಡಿದ ರೀತಿಯಿಂದಲೇ ಅವಳು ಅಂತ ತಿಳಿಯಿತು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅಂಚಿನವರೆಗೆ ಸಕ್ಕರೆ. "ಕಾಕಾ, ಅವರು ಇರುವಾಗಲೇ ತರಬೇಕಾಗಿತ್ತು. ನನ್ನ ಹತ್ತಿರವೇ ಉಳಿದುಬಿಟ್ಟಿತು" ಅಂದಳು. ಅಳುತ್ತಿದ್ದಳು. ನನಗೆ ವಾಡಾದ ಆ ಕೊನೆಯ ದಿನ, ಹೊಸ್ತಿಲ ಮೇಲೆ ಕೂತಿದ್ದ ಇದೇ ಡಬ್ಬಿ ಕಣ್ಣಿಗೆ ಕಟ್ಟಿತು. ಕೈ ಮುಂದೆ ಮಾಡಲಾಗಲಿಲ್ಲ. ಆಗ ವೈನಿ ಯಾಕೆ ಹಾಗೆ ನಿಂತಿದ್ದರು ಅನ್ನುವುದು ನನ್ನ ಕೈಗೆ ಅವತ್ತು ತಿಳಿಯಿತು.

ನಳಿನಿ ತೆಗೆದುಕೊಂಡಳು. ಒಳಗೆ ಹೋಗಿ ಸಕ್ಕರೆಯನ್ನು ಭರಣಿಗೆ ಸುರಿದ ಸದ್ದು ಕೇಳಿತು. ಹೊರಗೆ ಬಂದಾಗ ಡಬ್ಬಿಯಲ್ಲಿ ಅವಲಕ್ಕಿ ತುಂಬಿತ್ತು. ಹುಡುಗಿಯ ಕೈಗೆ ಕೊಟ್ಟಳು.

"ಇದು ನಿಮ್ಮದು ಕಾಕು" ಅಂದಳು ಪ್ರಾಜಕ್ತಾ.

"ನಮ್ಮದ. ಅದಕ್ಕ ನಿನ್ನ ಕಡೆ ಇರಲಿ" ಅಂದಳು ನಳಿನಿ. ಅವಳು ಕನ್ನಡದಲ್ಲೇ ಅಂದಳು. ಹುಡುಗಿಗೆ ತಿಳಿಯಿತು.

ಈಗ ಬೇಸಿಗೆ. ಕೆಳಗಿನ ಕೋಣೆಯ ಬೀಗ ತೆಗೆದಿದ್ದಾರೆ; ಅದರ ಅಗತ್ಯ ಮುಗಿದುಹೋಗಿದೆ. ಇವತ್ತಿನ ಉಪ್ಪಿನಕಾಯಿ ಬಾಟಲಿಯನ್ನು ಕೊನೆಗೂ ತೆಗೆದುಕೊಂಡು ಹೋಗಿ, ಬೋರ್ಡಿನಲ್ಲಿ ಬರೆದ ಹಾಗೆ ಖಾಲಿಯಾಗಿಯೇ ಕ್ರೇಟಿನಲ್ಲಿಟ್ಟು ಬಂದೆ. ಬಕುಳದ ಬುಡದಲ್ಲಿ ಇರುವೆಗಳಿಲ್ಲ. ವೈನಿಯಿಲ್ಲದ ಮನೆಗೆ ಲಿಫ್ಟಿನಲ್ಲಿ ಏರುವಾಗ ಈಗಲೂ ಸಂಕಟವಾಗುತ್ತದೆ. ಮೂರನೆಯ ಮಹಡಿ ದಾಟುವಾಗ ಮಾತ್ರ ಅದು ಸ್ವಲ್ಪ ತಗ್ಗುತ್ತದೆ. ನಮ್ಮ ಡಬ್ಬಿ ಅಲ್ಲಿದೆ. ನಾವು ತಿರುಗಿ ಕೇಳಿಲ್ಲ.